ಗುಜರಿ ಓಣಿಯ ಆಸ್ಪತ್ರೆ

ಹಲೋ... ಯಾರಮ್ಮಾ ಮಾತಾಡ್ತಿರೋದು?... ರಸ್ತೆ ವಿಭಾಗಾನಾ? ಹಾಂ, ಬೋರ್ಡ್ ಬರೀತಿದ್ದ ಪೇಂಟರ್ ನಾನೇ. ಇನ್ನೂ ಬದುಕಿದ್ದೀನಿ. ಹೇಳು...

ಹೊಸ ಬೋರ್ಡಾ? ನಮ್ಮ ಬಡಾವಣೆಯ ಒಂಬತ್ತು ರಸ್ತೆಗೂನಾ? ಪರವಾಗಿಲ್ವೇ, ಮೂವತ್ತು ವರ್ಷಕ್ಕಾದ್ರೂ ನಿಮ್ಮೋರಿಗೆ ಎಚ್ಚರ ಆಯ್ತು. ಅಚ್ಚಿಗೆ ಯಾವಾಗ?... ಇವತ್ತು ಮೂರು ಗಂಟೆಗೆ! ಈಗ ಎರಡೂವರೆ. ಗಡ್ಡಕ್ಕೆ ಬೆಂಕಿ ಹತ್ತಿದ ಮೇಲೆ ಬಾವಿ ತೋಡೋಕೆ ಹೊರಟಿದ್ದೀರಿ...

ಕಾಗುಣಿತ ನೋಡಿ ಹೇಳಬೇಕಾ? ನಾನಾ?... ಬೇಡ ಬೇಡ, ಫೋಟೋ ಗೀಟೋ ಕಳಿಸಬೇಡ. ಕನ್ನಡಕ ಎಲ್ಲಿಟ್ಟಿದ್ದೀನೋ ಏನೋ. ಬಾಯಲ್ಲೇ ಓದು, ಕಿವಿ ಚೆನ್ನಾಗಿದೆ...

ಏನು? ಬಾವಿಕಟ್ಟೆ ರಸ್ತೆಗೆ ಅಲ್ಪಪ್ರಾಣವೋ ಮಹಾಪ್ರಾಣವೋ ಅಂತಾನಾ? ಬಾವಿಗೆ ನೀರಿದ್ರೆ ಸಾಕಲ್ವೇನಮ್ಮ, ಪ್ರಾಣ ಯಾಕೆ?... ಹಾಂ, ನನ್ನ ಬೋರ್ಡಲ್ಲಿ ಕೆಳಗೊಂದು ಗೀಟಿದೆ, ನಿಮ್ಮ ಕಡತದಲ್ಲಿ ಇಲ್ಲ. ಆಗಿನ ಗುಮಾಸ್ತ ಚೀಟೀಲಿ ಗೀಟು ಎಳೆದಿದ್ದ, ನಾನೂ ಎಳೆದೆ. ಅವನು ಬೆಕ್ಕಿನ ಚಿತ್ರ ಬರ್ಕೊಟ್ಟಿದ್ರೆ ಬೆಕ್ಕನ್ನೇ ಬರೀತಿದ್ದೆ...

ಕಚೇರಿ ರಸ್ತೆಗೂ ಅದೇ ತಕರಾರಾ? ಸಮಿತಿ ಬೇರೆ ಕೂತಿತ್ತಾ? ಎಷ್ಟು ದಿನ?... ನಾಲ್ಕು ತಿಂಗಳು! ಒಂದು ಗೀಟಿಗೆ! ನಾನು ಒಂಬತ್ತು ಬೋರ್ಡನ್ನೂ ಒಂದು ವಾರದಲ್ಲಿ ಬರೆದು ಕಂಬಕ್ಕೆ ಏರಿಸಿದೋನು. ಒಬ್ಬನೇ...

ಏನಕ್ಕಾ?... ರಸ್ತೆ ಆಫೀಸಿನೋರು. ನೀನು ಸುಮ್ನೆ ಬಟಾಣಿ ಬಿಡಿಸ್ಕೊಂಡು ಕೂತ್ಕೋ... ಇಲ್ಲಮ್ಮ, ನಿನಗಲ್ಲ, ನಮ್ಮಕ್ಕನಿಗೆ. ಹೆರಿಗೆ ಆಸ್ಪತ್ರೇಲಿ ದಾದಿಯಾಗಿದ್ಲು, ಮೂವತ್ತೆಂಟು ವರ್ಷ. ನೀನು ಎಲ್ಲಿ ಹುಟ್ಟಿದ್ದು?... ಅಲ್ಲೇ? ವಯಸ್ಸೆಷ್ಟು?... ಇಪ್ಪತ್ತಾರಾ? ಹಾಗಾದ್ರೆ ನಿನ್ನನ್ನ ಮೊದಲು ಎತ್ಕೊಂಡಿದ್ದು ನಿಮ್ಮಮ್ಮ ಅಲ್ಲ, ಇವಳೇ...

ಹಾಂ, ಕೇಳು. ಅದೂ ಗೊಂದಲಾನಾ? ಬಾವಿಕಟ್ಟೆ ರಸ್ತೇಲಿ ಬಾವಿ ಇಲ್ಲ, ಹೌದು. ಬಾವಿ ಇರೋದು ಶಾಲೆ ರಸ್ತೇಲಿ. ಶಾಲೆ ಇರೋದು ಕಚೇರಿ ರಸ್ತೇಲಿ. ಹೆರಿಗೆ ಆಸ್ಪತ್ರೆ ಇರೋದು ಗುಜರಿ ಓಣೀಲಿ. ಇದಕ್ಕೆ ನಿಮ್ಮ ಸಮಿತಿ ಏನಂತು?... ಬಾವಿ ಮುಚ್ಚಿಹೋಗಿರಬೇಕು ಅಂತ ಬರೆದಿದ್ದಾರಾ? ಹ್ಹ! ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ. ಕುರ್ಚಿಯಿಂದ ಎದ್ದು ಒಂದು ತಿರುವು ಆಚೆ ಹೋಗಿದ್ರೆ, ಬಾವಿಗೆ ಬೇಕಾದ್ರೆ ಬೀಳಬಹುದಿತ್ತು. ಆಗ ಬಾವಿ ಇದೆ ಅಂತ ಗೊತ್ತಾಗ್ತಿತ್ತಲ್ವಾ?...

ಸರಿ, ಮುಂದೆ ಓದು... ದಾದಿಯಕ್ಕನ ರಸ್ತೆ. ಹಾಂ. ಅದಕ್ಕೇನು?... ಏನಂದೆ? ಇನ್ನೊಂದ್ಸಲ ಹೇಳು... ತೆಗೆದು ಹಾಕ್ತಿದ್ದೀರಾ?...

ಮನೆಗಳೇ ಇಲ್ಲ ಅಂತ. ಬರೀ ತುಕ್ಕು ತಗಡು, ಒಡೆದ ಬಾಟಲಿ, ಕಸದ ಲಾರಿ. ಅಂಥ ಓಣಿಗೆ ಹೆಸರು ದಂಡ ಅಂತ... ಯಾರು ಹೇಳಿದ್ದು, ಸಮಿತೀನಾ?... ತಡಿ. ತಡಿ ತಾಯಿ. ಅದರ ಮೇಲೆ ಗೀಟು ಎಳೀಬೇಡ. ಆ ಹೆಸರು ಇರಬೇಕಾಗಿದ್ದು ಅಲ್ಲಲ್ಲ. ಆಸ್ಪತ್ರೆ ಮುಂದೆ...

ಅಕ್ಕಾ, ನೀನು ಮಧ್ಯ ಬಾಯಿ ಹಾಕಬೇಡ... ಬಿಡು ಅಂತೆ! ಮೂವತ್ತು ವರ್ಷ ಬಿಟ್ಟಿದ್ದು ಸಾಲದಾ?...

ಹೇಳ್ತೀನಮ್ಮ, ಹೇಳ್ತೀನಿ. ಇಷ್ಟು ಹೊತ್ತು ನಿಮ್ಮೋರನ್ನ ಬೈದೆ, ಈಗ ನನ್ನ ಸರದಿ. ಆಗ ನಿಮ್ಮ ಗುಮಾಸ್ತ ಒಂಬತ್ತು ಚೀಟಿ ಕೊಟ್ಟ. ಮೊದಲನೇದು ಮೊದಲನೇ ರಸ್ತೆಗೆ, ಎರಡನೇದು ಎರಡನೇದಕ್ಕೆ, ಹಾಗೇ ಸಾಲಾಗಿ. ಬರೆದು, ಒಣಗಿಸಿ, ಅದೇ ಸಾಲಲ್ಲಿ ತಳ್ಳೋ ಗಾಡಿ ಮೇಲೆ ಜೋಡಿಸಿದೆ. ಇಳಿಜಾರಲ್ಲಿ ಗಾಡಿ ಮಗುಚಿಕೊಳ್ತು. ಒಂಬತ್ತೂ ರಸ್ತೆ ಮೇಲೆ ಚೆಲ್ಲಾಪಿಲ್ಲಿ. ಎತ್ತಿಕೊಂಡೆ, ಕೈಗೆ ಸಿಕ್ಕಿದ್ದನ್ನ ಕಂಬಕ್ಕೆ ಹೊಡೆದೆ...

ಓದಿ ಹೊಡೀಬಾರದಿತ್ತಾ ಅಂತೀಯಾ?... ಅದೇ ತಾಯಿ. ಅದೇ. ನನಗೆ ಓದೋಕೆ ಬರಲ್ಲ...

ನಗು, ನಗು, ತಪ್ಪೇನಿಲ್ಲ... ಇಲ್ವಾ? ನಗ್ತಿಲ್ವಾ?... ಹೌದು, ಬರೀತೀನಿ. ನೋಡಿ ಬರೀ ಅಂದ್ರೆ ಎಂಥದ್ದನ್ನೂ ಬರೀತೀನಿ. ಶಾಲೇಲಿ ಮೇಷ್ಟ್ರು ಮುತ್ತು ಪೋಣಿಸಿದ ಹಾಗಿದೆ ಕಣೋ ಅನ್ನೋರು. ಓದೋ ಅಂದ್ರೆ ಬಾಯಿಗೆ ಬೀಗ. ದಾರೀಲಿ ಯಾರನ್ನಾದ್ರೂ ಕೇಳಬಹುದಿತ್ತು, ನಿಜ. ಬೋರ್ಡ್ ಬರೆಯೋನೇ ಬೋರ್ಡ್ ಓದಿಸೋಕೆ ಹೋದ್ರೆ ಮಾರನೇ ದಿನದಿಂದ ಕೆಲಸ ಯಾರು ಕೊಡ್ತಾರೆ? ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂದನಂತೆ. ಆ ಜಟ್ಟಿ ನಾನೇ...

ಇದನ್ನೂ ಕೇಳಿಬಿಡು. ಒಂಬತ್ತರಲ್ಲಿ ಒಂದು ನಮ್ಮಕ್ಕನ ಹೆಸರಿಂದು, ದಾದಿಯಕ್ಕ ಅಂತ ಊರೋರೇ ಕೇಳಿ ಇಡಿಸಿದ್ದು ಅಂತ ಗೊತ್ತಿತ್ತು. ಯಾವುದು ಅಂತ ಗೊತ್ತಿರಲಿಲ್ಲ. ಎಲ್ಲಾನೂ ಗೋಡೆಗೆ ಒರಗಿಸಿ ನೋಡಿದೆ. ನೋಡೋಕೆ ತುಂಬಾ ಚೆಂದ ಇದ್ದಿದ್ದು, ದುಂಡುದುಂಡಗೆ, ತುಂಬಿಕೊಂಡ ಹಾಗಿದ್ದಿದ್ದು, ಒಂದಿತ್ತು. ಇದೇ ಅಕ್ಕಂದು ಅಂದ್ಕೊಂಡೆ. ಬಟ್ಟೇಲಿ ಒರೆಸಿ ಆಸ್ಪತ್ರೆ ಮುಂದಿನ ಕಂಬಕ್ಕೆ ನಾನೇ ಹೊಡೆದೆ...

ಹಾಂ. ಗುಜರಿ ಓಣಿ...

ತಿಂಗಳು ಕಳೆದ ಮೇಲೆ ಒಬ್ಬ ಆಟೋದವನು ನಕ್ಕೊಂಡು ಹೇಳಿದಾಗ ಗೊತ್ತಾಯ್ತು. ಅಷ್ಟರಲ್ಲಿ ತೆರಿಗೆ ಚೀಟಿ, ಅಂಚೆ, ಎಲ್ಲಾ ಬೋರ್ಡ್ ನೋಡಿಕೊಂಡೇ ನಡೆದಿತ್ತು. ನಿನ್ನ ಜನನ ಪತ್ರ ತೆಗೆದು ನೋಡು. ನೀನೂ ಗುಜರಿ ಓಣೀಲೇ ಹುಟ್ಟಿದ್ದೀಯ...

ಅಕ್ಕನಿಗಾ? ಮೊದಲನೇ ದಿನಾನೇ ಗೊತ್ತಾಗಿತ್ತು. ನನಗೆ ಓದು ಬರಲ್ಲ ಅಂತ ಗೊತ್ತಿದ್ದೋಳು ಇವಳೊಬ್ಬಳೇ. ಬಾಯಿಬಿಟ್ರೆ ತಮ್ಮನ ಅನ್ನ ಹೋಗತ್ತೆ. ಇಪ್ಪತ್ತು ವರ್ಷ ಆ ಬೋರ್ಡ್ ಕೆಳಗೇ ಕೆಲಸಕ್ಕೆ ಹೋಗಿ ಬಂದ್ಲು, ಒಂದು ಮಾತಿಲ್ಲ. ಅವಳ ಹೆಸರು ಕಸದ ಲಾರಿ ನಿಲ್ಲೋ ಜಾಗದಲ್ಲಿ ತುಕ್ಕು ಹಿಡೀತು. ನನಗೆ ನಾಚಿಕೆ ಆಗತ್ತೆ ತಾಯಿ. ಊರಿನ ಕಾಗುಣಿತಕ್ಕೆಲ್ಲ ಮೂಗು ಮುರಿಯೋ ನನಗೆ...

ದಾಖಲೆ ಬೇಕಾ? ನಿಮ್ಮ ಕಪಾಟಲ್ಲೇ ಇರತ್ತೆ. ಹಳೇ ಠರಾವು. ಯಾವ ರಸ್ತೆಗೆ ಯಾವ ಹೆಸರು ಅಂತ ಬರೆದಿರೋದು. ನಾಲ್ಕು ತಿಂಗಳು ಕೂತೋರು ಅದರ ಧೂಳೂ ಕೊಡವಿರಲ್ಲ. ಹೋಗಿ ನೋಡು. ಫೋನ್ ಇಡಬೇಡ, ಇಲ್ಲೇ ಇರ್ತೀನಿ...

ಹುಡುಕೋಕೆ ಹೋಗಿದ್ದಾಳೆ ಅಕ್ಕ... ಅಳೋದ್ಯಾಕೆ ಈಗ? ಹೇಳಿ ಆಯ್ತು. ಕೆಲಸ ಕೊಡೋರೂ ಇಲ್ಲ, ಕಿತ್ಕೊಳ್ಳೋರೂ ಇಲ್ಲ... ಇಲ್ಲ, ನಾನೆಲ್ಲಿ ಅಳ್ತಿದ್ದೀನಿ? ನಿನ್ನ ಬಟಾಣಿ ನೋಡ್ಕೋ...

ಹಾಂ, ಹಲೋ, ಇದ್ದೀನಿ. ಸಿಕ್ತಾ?... ಸಿಕ್ತು! ಏನಿದೆ ಅದರಲ್ಲಿ? ಐದನೇದು ಓದು... ಐದನೇದು, ಆಸ್ಪತ್ರೆ ಮುಂದಿನ ರಸ್ತೆ... ಹಾಗೇ ಬರ್ಕೊಂಡ್ಯಾ? ಅಚ್ಚಿಗೆ ಹಾಗೇ ಹೋಗತ್ತಾ?... ಒಂಬತ್ತೂನಾ?...

ಮತ್ತೆ ಅದೇ ರಾಗ! 'ದಾ'ಗೆ ಹೊಟ್ಟೆ ಸೀಳಬೇಕಾ ಬೇಡ್ವಾ ಅಂತ ನನ್ನ ಕೇಳ್ತೀಯಲ್ಲಮ್ಮ, ಇಷ್ಟು ಹೊತ್ತು ಯಾವ ಪುರಾಣ ಕೇಳಿದೆ?... ಅವಳನ್ನೇ ಕೇಳು, ಇಲ್ಲೇ ಇದ್ದಾಳೆ. ಬಾ ಅಕ್ಕ, ಹತ್ತಿರ ಬಾ, ಕೈ ಆಮೇಲೆ ಒರೆಸ್ಕೋ... ಹಲೋ, ಜೋರು ಮಾಡಿದ್ದೀನಿ ತಾಯಿ. ಆ ಐದನೇದನ್ನ ಇನ್ನೊಂದ್ಸಲ ಓದು. ಹೆಸರು, ಯಾವ ರಸ್ತೆ, ಎಲ್ಲಾ. ನಿಧಾನಕ್ಕೆ, ಗಟ್ಟಿಯಾಗಿ...

ಹಲೋ?... ಹಲೋ?... ಥತ್, ಓದಿ ಮುಗಿಸಿದ ತಕ್ಷಣ ಕಟ್ ಆಯ್ತಾ?... ಅಕ್ಕಾ, ನಿನಗೆ ಕೇಳಿಸ್ತಾ?