ತಾಂಬೂಲಕ್ಕೆ ಹೋದ ಕೆನಡಾ ಬಿಲ್ಲೆ

ಬೀರೂರು ಸ್ಟೇಷನ್ನಿನಲ್ಲಿ ತರೀಕೆರೆ ರೈಲಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಪರದೇಶದ ನಾಣ್ಯ ಕೂಡಿಡುವ ಪಂಚನಹಳ್ಳಿಯ ಓಂಕಾರಪ್ಪನವರು ಹೆಂಡತಿ ಗಂಗಮ್ಮನವರ ಮೇಲೆ ರೇಗುತ್ತಿದ್ದರು.

“ನನ್ನ ಕೆನಡಾ ನಿಕ್ಕಲ್ ನಾಣ್ಯಾನ ಬೀಗಿತ್ತಿಗೆ ತಾಂಬೂಲದಲ್ಲಿಟ್ಟು ಕೊಟ್ಬಿಟ್ಯಲ್ಲೇ!”

“ಸವೆದೋಗಿತ್ತು ಕಣ್ರೀ. ಯಾವ ಅಂಗಡೀಲೂ ನಡೆಯಲ್ಲ, ಅದೊಂದು ಬಿಲ್ಲೆ.”

“ಸಾವಿರದ ಒಂಬೈನೂರ ಇಪ್ಪತ್ತೈದನೇ ಇಸವೀದು ಕಣೇ! ಆರು ವರ್ಷ ಹುಡುಕಿದ್ಮೇಲೆ ಸಿಕ್ಕಿದ್ದು. ವಾಪಸ್ ಕೇಳು.”

“ತಾಂಬೂಲ ಕೊಟ್ಟು ವಾಪಸ್ ಕೇಳ್ತಾರೇನ್ರೀ? ಮಾನ ಹೋಗುತ್ತೆ.”

“ಮತ್ತೆ ಅವರ ಮನೆಗ್ಯಾಕೆ ಹೊರಟಿರೋದು?”

“ಇವತ್ತು ಅವರು ತಾಂಬೂಲಕ್ಕೆ ಕರೆದವ್ರೆ. ಅಂಗಡೀಲಿ ನಡೆಯದ ಬಿಲ್ಲೆ ಅಂತ ಅವರಿಗೂ ಗೊತ್ತಾಗಿರುತ್ತೆ. ಯಾರಿಗಾದ್ರೂ ತಾಂಬೂಲದಲ್ಲಿಟ್ಟು ಕೊಟ್ಟೇ ಕೊಡ್ತಾರೆ.”

“ಬೇರೆಯವರಿಗೆ ಕೊಟ್ಬಿಟ್ರೆ?”

ರೈಲು ಬಂತು. ಗಂಗಮ್ಮನವರು ಸೆರಗು ಸಿಕ್ಕಿಸಿ ಎದ್ದರು.

“ಅದಕ್ಕೇ ಎಲ್ಲರಿಗಿಂತ ಮುಂಚೆ ಹೋಗ್ಬೇಕು. ಏಳ್ರೀ!”