ಕಾಗೆಗೆ ಬಿದ್ದ ಕುಲ್‌ಕುಲ್

ಪ್ರಿಯರೇ, ಮಕ್ಕಳನ್ನು ಯೇಸುವಿನ ಹತ್ತಿರ ಬಿಡದೆ ಗದರಿಸಿದ ಶಿಷ್ಯರ ಬೈಬಲ್ ಭಾಗವನ್ನು ಈಗಷ್ಟೇ ಕೇಳಿದಿರಿ. ಕೇಳುವಾಗ ಆ ಶಿಷ್ಯರ ಮೇಲೆ ನಮಗೆ ಸಿಟ್ಟು ಬರುತ್ತದೆ. ಎಂಥ ಜನ ಎನಿಸುತ್ತದೆ. ಒಂದು ಕಥೆ ಹೇಳುತ್ತೇನೆ. ಸಿಟ್ಟು ಯಾರ ಮೇಲೆ ಬರಬೇಕೆಂದು ಆಮೇಲೆ ನೋಡೋಣ.

ಸಮುದ್ರದ ಬದಿಯ ಒಂದೂರಿನಲ್ಲಿ ಒಬ್ಬ ಸಿರಿವಂತ ಅಜ್ಜಿ ಇದ್ದರು. ಹೆಸರು ಪ್ರಮೀಳಮ್ಮ ಎಂದಿಟ್ಟುಕೊಳ್ಳಿ. ನಮ್ಮ ಸಭೆಯಲ್ಲಿ ಆ ಹೆಸರಿನವರು ಯಾರೂ ಇಲ್ಲ, ನೋಡಿಕೊಂಡೇ ಇಟ್ಟಿದ್ದೇನೆ. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಹೊರಡುವ ತಿಂಡಿಯ ತಟ್ಟೆ ಊರಿಗೇ ಹೆಸರಾದದ್ದು. ಚಕ್ಕುಲಿ ಒಡೆದಿರಬಾರದು, ಕೇಕಿನ ಅಂಚು ಪುಡಿಯಾಗಬಾರದು. ಕುಲ್‌ಕುಲ್ ಅಂತೂ ಕೇಳುವುದೇ ಬೇಡ. ಹಿಟ್ಟಿನ ಸಣ್ಣ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಬಾರದು.

ಪ್ರಮೀಳಮ್ಮನಿಗೆ ಲಿಡಿಯಾ ಎಂಬ ಮೊಮ್ಮಗಳು. ಐದು ವರ್ಷ. ತಂದೆ ತಾಯಿ ಕೆಲಸಕ್ಕೆ ಹೋಗುವವರು, ಶಾಲೆಗೆ ರಜೆ, ಮಗು ಅಜ್ಜಿಯ ಸೆರಗು ಬಿಡುವುದಿಲ್ಲ.

"ಅಜ್ಜೀ, ನಾನೂ ಮಾಡ್ತೇನೆ."

"ಮಾಡು. ಹಿಟ್ಟು ಚೆಲ್ಲಬೇಡ, ಆಯ್ತಾ?"

ಮಗು ಮಾಡಿತು. ನಾಲಿಗೆ ಹೊರಗೆ ಹಾಕಿಕೊಂಡು, ಇಡೀ ಬೆಳಿಗ್ಗೆ ಕೂತು ಮಾಡಿತು. ಒಂದು ಚಪ್ಪಟೆ, ಒಂದು ಉದ್ದ, ಒಂದಕ್ಕೆ ಇಲಿಯ ಹಾಗೆ ಬಾಲ. ಆ ಊರಿನ ಪಾದ್ರಿ ಅಯ್ಯನವರ ಹೆಂಡತಿ, ಎಲ್ಲರ ಬಾಯಲ್ಲಿ ಅಮ್ಮನವರು, ಆಗ ಕಾಲು ಮುರಿದುಕೊಂಡು ಮನೆಯಲ್ಲೇ ಇದ್ದರು. ಭಾನುವಾರದ ಶಾಲೆಯಲ್ಲಿ ಮಗುವಿಗೆ ಹಾಡು ಕಲಿಸಿದವರು ಅವರೇ. "ಇದೆಲ್ಲ ಅಮ್ಮನವರಿಗೆ, ಅಜ್ಜಿ. ಬಾಲ ಇದ್ದದ್ದು ಮೇಲೆ ಇಡ್ಬೇಕು, ಅವರಿಗೆ ನಗು ಬರ್ತದೆ" ಎಂದಿತು ಮಗು.

"ಚಂದ ಉಂಟು, ಚಂದ ಉಂಟು" ಎಂದರು ಅಜ್ಜಿ.

ಎಣ್ಣೆಯ ಹತ್ತಿರ ಬರಬಾರದೆಂದು ಮಧ್ಯಾಹ್ನ ಮಗುವನ್ನು ಮಲಗಿಸಿದರು. ಎಲ್ಲವನ್ನೂ ಕರಿದರು, ಪಾಕದಲ್ಲಿ ಹೊರಳಿಸಿದರು. ಆಮೇಲೆ ಏನು ಮಾಡಿದರು? ಮಗುವಿನದ್ದನ್ನೆಲ್ಲ ಹೆಕ್ಕಿ ತೆಗೆದು, ಹಳೆಯ ಪೇಪರಿನಲ್ಲಿ ಸುತ್ತಿ, ಹಿತ್ತಲಿನ ಹಲಸಿನ ಮರದ ಬುಡಕ್ಕೆ ಬಿಸಾಡಿದರು. ಕ್ರೂರಿಯೇ ಆಕೆ? ಅಲ್ಲ. ನೋಡಿ, ತಟ್ಟೆ ಹೋಗುವುದು ಅಯ್ಯನವರ ಮನೆಗೆ. ನೋಡಿದವರು ಏನೆಂದುಕೊಂಡಾರು? ಅಷ್ಟೇ.

ಸಂಜೆ ಇಬ್ಬರೂ ಹೋದರು. ತಟ್ಟೆಯ ಬಟ್ಟೆ ಸರಿಸಿ ಅಮ್ಮನವರು, "ಅಬ್ಬಾ, ಎಷ್ಟು ಚಂದ!" ಎಂದರು. ಮಗು ಅವರ ಮಂಚ ಹತ್ತಿ ತಟ್ಟೆಯೊಳಗೆ ಕೈ ಹಾಕಿ ಅತ್ತಿತ್ತ ಸರಿಸತೊಡಗಿತು.

"ಎಂಥ ಹುಡುಕ್ತೀ ಪುಟ್ಟೀ?"

"ನಾನು ಮಾಡಿದ್ದು. ನಿಮಗೇ ಮಾಡಿದ್ದು."

ಅಮ್ಮನವರು ಅಜ್ಜಿಯ ಮುಖ ನೋಡಿದರು. ಅಜ್ಜಿ ನಕ್ಕರು. "ಅದು ಎಣ್ಣೆಯಲ್ಲಿ ಒಡೆದು ಹೋಯ್ತು ಪುಟ್ಟೀ. ನೀನು ಸರಿ ಒತ್ಲಿಲ್ಲ ಅಲ್ವಾ?"

ಬಿಸಾಡಿದ್ದು ಒಂದು. ಸುಳ್ಳು ಹೇಳಿದ್ದು ಇನ್ನೊಂದು. ಆ ಸುಳ್ಳಿನ ತಪ್ಪನ್ನು ಮಗುವಿನ ತಲೆಗೆ ಕಟ್ಟಿದ್ದು? ಅದನ್ನು ಏನೆಂದು ಕರೆಯೋಣ? ಮಗು ತನ್ನ ಅಂಗೈ ನೋಡಿಕೊಂಡಿತು. "ಸಾರಿ ಅಮ್ಮನವರೇ" ಎಂದಿತು. ಕ್ಷಮೆ ಕೇಳಿದ್ದು ಯಾರು, ಕೇಳಿದಿರಾ? ಮಗು.

ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಕಾಗೆಗಳ ಗಲಾಟೆ. ಅಜ್ಜಿ ಬಂದು ನೋಡಿದರೆ ಮಗು ಹಿಂಬಾಗಿಲಲ್ಲಿ ನಿಂತಿದೆ. ಮರದ ಬುಡದಲ್ಲಿ ಪೇಪರು ಬಿಚ್ಚಿಕೊಂಡಿದೆ. ಬಾಲವಿದ್ದದ್ದನ್ನು ಒಂದು ಕಾಗೆ ಕಚ್ಚಿಕೊಂಡಿದೆ. ಮಗು ಅಳುತ್ತದೆ, ಕಿರುಚುತ್ತದೆ ಎಂದು ಅಜ್ಜಿ ಕಾದರು.

ಮಗು ತಿರುಗಿ ಹೇಳಿತು: "ಅಜ್ಜೀ, ಒಡೆದು ಹೋಗ್ಲಿಲ್ಲ. ನೋಡಿ, ಕಾಗೆಗೆ ಇಷ್ಟ ಆಯ್ತು."

ಪ್ರಿಯರೇ, ಆ ಮಗು ಬೈದಿದ್ದರೆ ಆಕೆ ಬದುಕಿಕೊಳ್ಳುತ್ತಿದ್ದರು. ಬೈದವರಿಗೆ ಎದುರು ಮಾತಾಡಬಹುದು. ಸಮಾಧಾನ ಮಾಡುವವರಿಗೆ ಏನು ಹೇಳುತ್ತೀರಿ? ಅಜ್ಜಿ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತರು. ಆಮೇಲೆ ಮುಖ ಒರೆಸಿಕೊಂಡು, ಹಿಟ್ಟು ಕಲಸಿ ತಂದು ನೆಲಕ್ಕೇ ಕೂತರು. "ಬಾ ಪುಟ್ಟೀ, ಇನ್ನೊಮ್ಮೆ ಮಾಡುವ."

ಮಗು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿತು. "ಬೇಡ ಅಜ್ಜಿ, ನೀವೇ ಮಾಡಿ. ನನ್ನದು ಕಾಗೆಗೆ ಮಾತ್ರ ಆಗುವುದು."

ಪ್ರಮೀಳಮ್ಮ ಮಗುವಿನ ಕೈ ಹಿಡಿದು ನೇರ ಅಯ್ಯನವರ ಮನೆಗೆ ನಡೆದರು. ಹಿಟ್ಟು ಮೆತ್ತಿದ ಸೀರೆಯಲ್ಲೇ. "ನಿನ್ನೆ ನಾನು ಹೇಳಿದ್ದು ಸುಳ್ಳು. ಇವಳದ್ದನ್ನು ನಾನೇ ಬಿಸಾಡಿದೆ. ನಿಮ್ಮ ಎದುರಿಗೆ ಇಡ್ಲಿಕ್ಕೆ ನನಗೆ ನಾಚಿಕೆಯಾಯ್ತು."

ಅಮ್ಮನವರು ಮಗುವಿನ ಕಡೆ ಕೈ ತೋರಿಸಿದರು. "ನನಗೆ ಯಾಕೆ ಹೇಳ್ತೀರಿ? ಅವಳಿಗೆ ಹೇಳಿ."

ಅಜ್ಜಿ ಮೊಣಕಾಲೂರಿ ಕೂತರು. "ತಪ್ಪಾಯ್ತು ಪುಟ್ಟೀ."

ಮಗು ಕೇಳಿತು: "ಹಾಗಾದ್ರೆ ನನ್ನದು ಚಂದ ಇರ್ಲಿಲ್ವಾ?"

ಪ್ರಮೀಳಮ್ಮ ಮಗುವನ್ನು ತಬ್ಬಿಕೊಂಡರು. ಮಗು ತಬ್ಬಿಸಿಕೊಂಡಿತು, ಕ್ಷಮಿಸಿತು ಕೂಡ. ಮಕ್ಕಳು ಕ್ಷಮಿಸುತ್ತಾರೆ. ಆದರೆ ಆ ಕ್ರಿಸ್ಮಸ್ಸಿನಲ್ಲಿ ಲಿಡಿಯಾ ಮತ್ತೆ ಹಿಟ್ಟು ಮುಟ್ಟಲಿಲ್ಲ. ಅಜ್ಜಿ ಕಲಸಿದ ಹಿಟ್ಟು ಒಣಗಿ ಹೋಯಿತು.

ಈಗ ಹೇಳಿ, ಶಿಷ್ಯರ ಮೇಲೆ ಇನ್ನೂ ಸಿಟ್ಟಿದೆಯೇ? ತಲೆ ತಗ್ಗಿಸಿದವರು ಕೆಲವರು ನನಗೆ ಕಾಣುತ್ತಿದ್ದಾರೆ. ತಗ್ಗಿಸಿ, ತಪ್ಪಿಲ್ಲ. ನಾಚಿಕೆಪಡಬೇಕಾದಲ್ಲಿ ನಾಚಿಕೆಪಡುವುದು ಒಳ್ಳೆಯದೇ.

ಈ ವಾರ ನಿಮ್ಮ ಮನೆಗಳಲ್ಲೂ ಎಣ್ಣೆ ಕಾಯುತ್ತದೆ. ಮಗು ಹತ್ತಿರ ಬಂದರೆ ಜಾಗ ಕೊಡಿ. ಅದು ಒತ್ತಿದ್ದನ್ನು ನೀವು ಮತ್ತೆ ಒತ್ತಬೇಡಿ. ತಟ್ಟೆಯಲ್ಲಿ ಸೊಟ್ಟಗಿದ್ದದ್ದು ಮೇಲೆ ಇರಲಿ, ಎಲ್ಲರಿಗೂ ಕಾಣಲಿ. "ಅಯ್ಯೋ, ಅದು ಮಗು ಮಾಡಿದ್ದು" ಎಂದು ನೆರೆಯವರ ಮುಂದೆ ಸಂಕೋಚದ ನಗೆ ನಗಬೇಡಿ. ಅದೂ ಬಿಸಾಡಿದ ಹಾಗೆಯೇ. ತಟ್ಟೆ ಪಡೆಯುವವರೇ, ನೀವು ಮೊದಲು ಸೊಟ್ಟಗಿದ್ದದ್ದನ್ನೇ ಎತ್ತಿಕೊಂಡು ಮಗುವಿನ ಎದುರಿಗೇ ತಿನ್ನಿ. ಈಗಾಗಲೇ ಯಾವುದಾದರೂ ಮಗುವಿಗೆ ಇಂಥ ಸುಳ್ಳು ಹೇಳಿದ್ದರೆ, ದೇವರ ಹತ್ತಿರ ಬರುವ ಮೊದಲು ಆ ಮಗುವಿನ ಹತ್ತಿರ ಹೋಗಿ.

ಪ್ರಾರ್ಥನೆಗೆ ಈಗಲೇ ಏಳಬೇಡಿ. ಪಕ್ಕದಲ್ಲಿ ಕೂತಿರುವ ಮಗುವಿನ ಕಿವಿಯಲ್ಲಿ ಏನಾದರೂ ಹೇಳುವುದಿದ್ದರೆ ಹೇಳಿ ಮುಗಿಸಿ. ನಾನು ಕಾಯುತ್ತೇನೆ.