ಹನ್ನೊಂದನೇ ಮಹಡಿಗೆ ಒಂದು ಗೇಣು

ಕ್ಷಮಿಸಿ ಸರ್, ನನಗೆ ನೆಟ್ಟಗೆ ಹೇಳೋಕೆ ಬರಲ್ಲ, ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಹೋಗ್ತೀನಿ... ಬಾಗಿಲು ಬಡೀಬೇಡಿ, ಕೇಳಿಸ್ತಿದೆ! ಹೊರಗೆ ಬಾಗಿಲ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತಿದ್ದೀನಿ. ನಿಮ್ಮ ಹೊಸ ಲಿಫ್ಟು ಹನ್ನೊಂದನೇ ಮಹಡಿಗೆ ಒಂದು ಗೇಣು ಕೆಳಗೆ ನಿಂತಿದೆ, ಅಷ್ಟೇ. ಉಸಿರು ಕಟ್ಟಲ್ಲ, ಗಾಳಿಗೆ ಕಿಂಡಿ ಇದೆ. ಬಾಗಿಲು ತೆಗೆಯೋ ಕೀಲಿ ಎಲ್ಲೋ ಹೋಗಿದೆಯಂತೆ, ಕೆಳಗೆ ಮೆಕ್ಯಾನಿಕ್ ಅಣ್ಣ ಹುಡುಕ್ತಿದ್ದಾರೆ. ಅಲ್ಲೀವರೆಗೆ... ಯಾಕೆ ನಿಂತಿತು ಅಂತ ಹೇಳ್ಲಾ?

ಏನಂದ್ರಿ? "ನಿನ್ನ ಪುರಾಣ ಬೇಡ"? ಮೀಟಿಂಗಲ್ಲೂ ಇದೇ ಅಂದ್ರಿ ಸರ್, ಹತ್ತು ಜನರ ಮುಂದೆ. ಅವತ್ತಿಂದ ಆಫೀಸಲ್ಲಿ ನನ್ನ ಹೆಸರೇ ಪುರಾಣ. ಅವತ್ತು ನೀವು ಎದ್ದು ಹೋದ್ರಿ. ಇವತ್ತು ಎಲ್ಲಿಗೆ ಹೋಗ್ತೀರಿ? ಅತ್ತೆಗೊಂದು ಕಾಲ...

ಇಲ್ಲ, ನಗಲಿಲ್ಲ ಸರ್. ಕೆಮ್ಮು.

ನೋಡಿ, ಲಿಫ್ಟು ಎಷ್ಟು ಎತ್ತರದಲ್ಲಿದೆ ಅಂತ ಪ್ರೋಗ್ರಾಂ ಎಣಿಸ್ತಾ ಇರುತ್ತೆ, ಒಂದೊಂದೇ ಮಿಲಿಮೀಟರ್. ಆ ಸಂಖ್ಯೆ ಇಡೋಕೆ ಒಂದು ಡಬ್ಬಿ. ಡಬ್ಬಿ ಅಂದ್ರೆ ನಿಜವಾದ ಡಬ್ಬಿ ಅಲ್ಲ, ಚಿಪ್‌ನೊಳಗಿನ ಜಾಗ. ಹಳೇ ಚಿಪ್‌ನಲ್ಲಿ ಅದು ಮೂವತ್ತೆರಡು ಬಿಟ್ ಅಗಲ. ನೀವು ತಂದ ಅಗ್ಗದ ಚಿಪ್‌ನಲ್ಲಿ ಹದಿನಾರೇ! ಎರಡಕ್ಕೂ ನಾವು ಬರೆಯೋ ಹೆಸರು ಮಾತ್ರ ಒಂದೇ, ‘ಇಂಟ್’. ಹೆಸರು ಒಂದೇ ಅಂತ ಅಗಲ ಒಂದೇ ಆಗುತ್ತಾ? ಹಾಸಿಗೆ ಇದ್ದಷ್ಟು... ಆಯ್ತು, ಆಯ್ತು, ಬೇಗ ಹೇಳ್ತೀನಿ. ಹದಿನಾರು ಬಿಟ್‌ನಲ್ಲಿ ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳರವರೆಗೆ ಹಿಡಿಯುತ್ತೆ. ಅಂದ್ರೆ ಮೂವತ್ತೆರಡೂ ಮುಕ್ಕಾಲು ಮೀಟರ್. ಹನ್ನೊಂದನೇ ಮಹಡಿ ಇರೋದು ಮೂವತ್ಮೂರಕ್ಕೆ. ತುಂಬಿದ ಮೇಲೆ ಇನ್ನೊಂದೇ ಒಂದು ಮಿಲಿಮೀಟರ್ ಹತ್ತಿದ್ರೆ, ಸಂಖ್ಯೆ ಪಲ್ಟಿ ಹೊಡೆದು ಸೊನ್ನೆಗಿಂತ ಕೆಳಗೆ! ಲಿಫ್ಟಿನ ಲೆಕ್ಕದಲ್ಲಿ ನೀವೀಗ ಪಾತಾಳದಲ್ಲಿದ್ದೀರಿ ಸರ್. ಅದಕ್ಕೇ ಹೆದರಿ ಬ್ರೇಕ್ ಹಿಡ್ಕೊಂಡಿದೆ.

ಫ್ಯಾಕ್ಟರಿಯಲ್ಲಿ ಯಾಕೆ ಹೀಗಾಗ್ಲಿಲ್ಲ ಅಂತೀರಾ? ಅಲ್ಲಿ ನಾವು ಹತ್ತಿಸಿ ನೋಡಿದ್ದು ಮೂರೇ ಮಹಡಿ ಅಲ್ವಾ!

ಫೈಲಿನ ತಲೆಯಲ್ಲೇ ನಾನೊಂದು ಸಾಲು ಬರೆದಿದ್ದೆ. ಅಗಲ ಮೂವತ್ತೆರಡು ಇಲ್ಲದಿದ್ರೆ ಪ್ರೋಗ್ರಾಂ ತಯಾರಾಗೋದೇ ಬೇಡ ಅಂತ. ಬಾಗಿಲಲ್ಲಿ ಕಾವಲುಗಾರ ಇದ್ದ ಹಾಗೆ. "ಪುಕ್ಕಲನ ಸಾಲು, ಕಿತ್ತಾಕು" ಅಂದವರು ಯಾರು? ನೀವು. ಕಿತ್ತಾಕಿದೆ. ದೊಡ್ಡವರ ಮಾತು ಮೀರೋನಲ್ಲ ನಾನು... ಈಗ ಒಂದ್ಸಲ "ನಿನ್ನ ಮಾತು ಕೇಳಬೇಕಿತ್ತು ಕಣಯ್ಯಾ" ಅನ್ನಿ. ಒಂದೇ ಒಂದ್ಸಲ.

ಆ ಸದ್ದಾ? ನಮ್ಮನೆ ಬೀಗದ ಕೈ ಸರ್, ಜೇಬಲ್ಲಿ.

ಏನು? ಮೊದಲ ಸಲ ಯಜಮಾನರೊಬ್ಬರೇ ಹತ್ತಲಿ ಅಂದಿದ್ದು... ಹೌದು, ನಾನೇ. ಮರ್ಯಾದೆಗೆ ಸರ್! ನಿಂತ ತಕ್ಷಣ ನನ್ನ ದನಿ ಕೇಳಿಸ್ತಾ? ಮೆಟ್ಟಿಲು ಹತ್ತಿ ಬಂದೆ. ಹೂಂ, ಹನ್ನೊಂದೂ ಮಹಡಿ. ಬೇಗ ಬೇಗ ಹತ್ತಿದೆ. ಸ್ಟೂಲಾ? ಸ್ಟೂಲು ಇಲ್ಲೇ... ಇತ್ತು...

ಸರ್?

ಬಡೀರಿ ಸರ್. ಬೈಯಿರಿ. ಅಷ್ಟು ಹೊತ್ತು ಬಡಿದ್ರಲ್ಲ... ಹೀಗೆ ಸುಮ್ಮನಾಗಬೇಡಿ. ನನಗೆ ನಿಮ್ಮ ಉಸಿರು ಕೇಳಿಸ್ತಿದೆ, ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೀರಿ...

ಫೋನು ಸರ್... ಹಲೋ? ಯಾರು, ಅಣ್ಣನಾ? ಕೆಳಗೆ ಬರ್ಬೇಕಾ? ಏನು... ಕೀಲಿ ತಗೊಂಡವರು ಹೆಸರು ಬರೆಯೋ ಪುಸ್ತಕದಲ್ಲಿ ಯಾರ ಹೆಸರಿದೆ?

ಬಂದೆ ಅಣ್ಣಾ, ಬಂದೆ! ಸರ್, ಅದು ಏನಾಯ್ತು ಅಂದ್ರೆ, ಬೆಳಿಗ್ಗೆ ನಾನು ಆ ಕೀಲೀನ...